ಚಳಿಯ ದಿನದ ಅನಧ್ಯಾಯ

ಬೆಂಗಳೂರಿನ ಚಳಿಯೂ ಒಂದು ಚಳಿಯೆ ಎಂದು ಉತ್ತರ ದೇಶದವರು ನಗುವುದುಂಟು. ಕಾಶ್ಮೀರದ ಕಣಿವೆಯಲ್ಲಿ ಶಾಲೆಗಳಿಗೆ ದೊಡ್ಡ ರಜೆ ದೊರೆಯುವುದು ಬೇಸಗೆಯಲ್ಲಲ್ಲ, ಹಿಮಗಾಲದಲ್ಲಿ. ಕೆನಡ ಮೊದಲಾದ ಶೀತದೇಶಗಳಲ್ಲಿ ಗಾಳಿಯ ಕೊರೆತ ಒಂದು ಮೇರೆಯನ್ನು ಮೀರಿತೆಂದರೆ, ಪಾಠಗಳ ನಡುವಣ ಬಿಡುವಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಕಳುಹಿಸದೆ ಕೊಠಡಿಯೊಳಗೇ ಆಡಗೊಡುತ್ತಾರೆ. ಅಂಥ ಊರುಗಳ ಎದುರಿಗೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ ಹಿತವಾಗಿ ಕುಳಿತಿರುವ ಬೆಂಗಳೂರು ತನ್ನ ಚಳಿಯ ಮಾತೆತ್ತುವುದು ಸಂಕೋಚದ ವಿಷಯವೇ ಸರಿ. ಇಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆಯ ಉಷ್ಣತೆ 7.8 ಡಿಗ್ರಿ, ಅದು 1884ನೆಯ ಜನವರಿ 13ರ ಮಾತು.

ಆದರೆ ಚಳಿಯನ್ನು ಅಳೆಯುವುದಕ್ಕೆ ಉಷ್ಣಮಾಪಕವೊಂದೇ ಸಾಲದು. ಹೊದಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಣ್ಣೆಯ ಅಂಗಿಯುಳ್ಳವನಿಗೆ 15 ಡಿಗ್ರಿಯೆಂದರೆ ಉಲ್ಲಾಸ. ತೆಳ್ಳನೆಯ ಸಮವಸ್ತ್ರವನ್ನು ತೊಟ್ಟು, ಒದ್ದೆಯಾದ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಗಾರೆಯ ನೆಲದ ಮೇಲೆ ಕುಳಿತ ಎಂಟು ವರ್ಷದ ಮಗುವಿಗೆ ಅದೇ 15 ಡಿಗ್ರಿ ಬೇರೆಯ ಸಂಗತಿ.

ಈ ಊರಿನ ಚಳಿಯಲ್ಲಿ ಎರಡು ಬಗೆ. ಮಾರ್ಗಶಿರ ಪುಷ್ಯಗಳಲ್ಲಿ ಆಕಾಶ ತಿಳಿಯಾಗಿದ್ದರೆ, ನೆಲವು ಹಗಲೆಲ್ಲ ಕುಡಿದ ಬಿಸಿಲ ಕಾವು ದೀರ್ಘವಾದ ರಾತ್ರಿಯಲ್ಲಿ ತಡೆಯಿಲ್ಲದೆ ಮೇಲಕ್ಕೆ ಹಾರಿಹೋಗುತ್ತದೆ. ಬೆಳಗಿನ ಜಾವಕ್ಕೆ ಹಲಸೂರು ಕೆರೆಯ ಮೇಲೆ ಮಂಜು ಬಂದು ಕೂಡುತ್ತದೆ. ಈ ಚಳಿ ಮರ್ಯಾದಸ್ಥ. ಬಿಸಿಲೇರಿದೊಡನೆ ಎದ್ದು ಹೊರಟುಹೋಗುತ್ತದೆ. ಎರಡನೆಯದು ಬಂಗಾಳ ಕೊಲ್ಲಿಯಿಂದ ಬರತಕ್ಕದ್ದು. ನವೆಂಬರು ಡಿಸೆಂಬರುಗಳಲ್ಲಿ ತಮಿಳುನಾಡಿನ ಕರಾವಳಿಗೆ ಬಿರುಗಾಳಿ ಸಮೀಪಿಸಿದಾಗ ಅದರ ಮೋಡಗಳು ಘಟ್ಟದ ಮೇಲಣ ಈ ಬಯಲನ್ನೆಲ್ಲ ಮುಚ್ಚಿಬಿಡುತ್ತವೆ. ಎರಡು ಮೂರು ದಿನ ಸೂರ್ಯನ ಮುಖವಿಲ್ಲ, ಸೋನೆ ಹಿಡಿದುಬಿಡುತ್ತದೆ. ರಾತ್ರಿ ಅಷ್ಟೇನೂ ಶೀತವಲ್ಲ, ಆದರೆ ಹಗಲು ಕಾವೇರುವುದೇ ಇಲ್ಲ. ಬೆಳಗಿನ ಎಂಟು ಗಂಟೆಯೂ ಮಧ್ಯಾಹ್ನದ ಎರಡು ಗಂಟೆಯೂ ಒಂದೇ ಬಣ್ಣ, ಒಂದೇ ಥಂಡಿ. 2022ರ ಡಿಸೆಂಬರು 9ರ ರಾತ್ರಿ ಮಹಾಬಲಿಪುರದ ಬಳಿ ನೆಲಕ್ಕೆ ಬಂದ ಮಾಂಡೂಸ್ ಚಂಡಮಾರುತವೂ, 2024ರ ನವೆಂಬರು 30ರಂದು ಪುದುಚೇರಿಯ ಬಳಿ ಬಂದ ಫೆಂಗಲ್ ಚಂಡಮಾರುತವೂ ಬೆಂಗಳೂರಿಗೆ ತಂದದ್ದು ಈ ಎರಡನೆಯ ಬಗೆಯ ಚಳಿಯನ್ನು. ಶಾಲೆಯ ಮಕ್ಕಳನ್ನು ಬಿಡುವಿನಲ್ಲಿ ಗೋಡೆಗಳ ಒಳಗೆ ಕೂಡಿಹಾಕುವುದು ಇದೇ.

ಹಲಸೂರಿನಿಂದ ಇಂದಿರಾನಗರದ ಅಂಚನ್ನು ಸವರಿಕೊಂಡು ಕೃಷ್ಣರಾಜಪುರಕ್ಕೆ ಹೋಗುವ ಹಳೆಯ ಮದರಾಸು ರಸ್ತೆಯ ಸಮೀಪದಲ್ಲಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಅಂಗಳ ಚಿಕ್ಕದು, ಮಣ್ಣು ಕೆಂಪು. ಒಂದು ದಿನ ಸೋನೆ ಹಿಡಿದರೆ ಮೂರು ದಿನ ಅದರಲ್ಲಿ ಕಾಲಿಡುವಂತಿಲ್ಲ. ಮಕ್ಕಳ ಮನೆಮಾತುಗಳೋ ಆ ಸೀಮೆಗೆ ತಕ್ಕಂತೆ ಹಲವು. 1809ರಲ್ಲಿ ಆಂಗ್ಲರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಯಲಿಗೆ ಬಂದಿಳಿದಾಗ, ಅದರ ಬೆನ್ನಿಗೆ ಬಂದ ತಮಿಳರೂ ತೆಲುಗರೂ ಉರ್ದು ನುಡಿಯುವವರೂ ಇಲ್ಲಿಯೇ ಬೇರೂರಿದರು. ಇತ್ತೀಚೆಗೆ ಕೃಷ್ಣರಾಜಪುರದ ಆಚೆ ಎದ್ದ ಬಹು ಅಂತಸ್ತಿನ ಮನೆಗಳನ್ನು ಕಟ್ಟಲು ಬಂದ ಕೂಲಿಕಾರರ ಮಕ್ಕಳೂ ಇವರೊಡನೆ ಸೇರಿದ್ದಾರೆ. ಬೆಳಗ್ಗೆ ಕ್ಷೀರಭಾಗ್ಯದ 150 ಮಿಲಿಲೀಟರು ಬಿಸಿ ಹಾಲನ್ನು ಲೋಟವನ್ನೇ ಕೆನ್ನೆಗೊತ್ತಿಕೊಂಡು ಕುಡಿಯುವಾಗ ಮಾತ್ರ ಎಲ್ಲರದೂ ಒಂದೇ ಭಾಷೆ.

ಬಿಸಿಲಿನ ದಿನ ಬಿಡುವಿನ ಗಂಟೆ ಬಾರಿಸಿತೆಂದರೆ ಈ ಮಕ್ಕಳು ಗುಂಪುಗುಂಪಾಗಿ ಒಡೆದುಹೋಗುವರು. ಒಂದು ಬೀದಿಯವರು ಒಂದು ಕಡೆ, ಇನ್ನೊಂದು ಬೀದಿಯವರು ಇನ್ನೊಂದು ಕಡೆ. ಓಡುವವನಿಗೆ ಮಾತು ಬೇಕಿಲ್ಲ; ಬೇಕಾದರೂ ಎರಡು ಕೂಗು ಸಾಕು, ಆ ಕೂಗಿಗೆ ಮನೆಯ ಭಾಷೆಯೇ ಸಾಕು. ಚಳಿಯ ದಿನ ಹಾಗಲ್ಲ. ಬಾಗಿಲಿಕ್ಕಿದ ಕೊಠಡಿಯಲ್ಲಿ ಮೂವತ್ತು ಮಂದಿ. ಕಿಟಕಿಯ ಕಡೆಯಿಂದ ಗಾಳಿ ಹೊಡೆಯುವುದರಿಂದ ಎಲ್ಲರೂ ಒಳಗೋಡೆಯ ಕಡೆಗೆ ಸರಿದು ಒತ್ತಿಕೊಂಡು ಕೂಡಬೇಕು. ಯಾರ ಪಕ್ಕದಲ್ಲಿ ಯಾರು ಎಂಬುದನ್ನು ಬೀದಿ ನಿರ್ಣಯಿಸುವುದಿಲ್ಲ, ಚಳಿ ನಿರ್ಣಯಿಸುತ್ತದೆ.

ಇಲ್ಲಿ ಹಳೆಯ ಆಟಗಳು ತಾವಾಗಿ ಎದ್ದುಬರುತ್ತವೆ. ಒಬ್ಬಳು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಐದಕ್ಕೆ ಐದರಂತೆ ಇಪ್ಪತ್ತೈದು ಮನೆಗಳ ಚೌಕಾಬಾರ ಬರೆಯುತ್ತಾಳೆ. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ನಾಲ್ಕು ಹುಣಿಸೆಬೀಜಗಳಾದರೂ ಆಯಿತು. ನಾಲ್ಕೂ ಬಿಳಿಯ ಮಗ್ಗುಲು ತೋರಿದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಇದನ್ನೇ ತೆಲುಗಿನ ಹುಡುಗಿ ಅಷ್ಟಾಚೆಮ್ಮ ಎನ್ನುತ್ತಾಳೆ; ತಮಿಳರ ಹುಡುಗನಿಗೆ ಇದು ದಾಯದ ಆಟ. ಸಾಲಿಗೆ ಏಳರಂತೆ ಹದಿನಾಲ್ಕು ಕುಳಿಗಳ ಅಳಗುಳಿಮಣೆಯನ್ನು ನೆಲದಲ್ಲಿ ತೋಡಲಾಗದು, ಹದಿನಾಲ್ಕು ವರ್ತುಲಗಳನ್ನು ಬರೆದರೆ ಕೆಲಸ ನಡೆಯುತ್ತದೆ. ಅದು ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು. ಮೂರು ಹುಲಿ, ಹದಿನೈದು ಆಡು, ಗೆರೆಗಳು ಕೂಡುವ ಇಪ್ಪತ್ತಮೂರು ಸ್ಥಾನಗಳು: ಈ ಆಡುಹುಲಿಯಾಟವಂತೂ ಮೂರು ಮನೆಗಳಲ್ಲಿಯೂ ಹೆಸರಿನ ಅರ್ಥದ ಸಮೇತ ಒಂದೇ. ಮಕ್ಕಳು ಮೊದಲು ಹೆಸರಿಗಾಗಿ ಜಗಳವಾಡುತ್ತಾರೆ, ಆಮೇಲೆ ನಿಯಮಕ್ಕಾಗಿ. ಆಟ ಒಂದೇ ಎಂದು ತಿಳಿದಾಗ ಅವರ ಮುಖದಲ್ಲಿ ಮೂಡುವ ಆಶ್ಚರ್ಯ ಯಾವ ಸಮಾಜಪಾಠದಿಂದಲೂ ಮೂಡತಕ್ಕದ್ದಲ್ಲ.

ಕುಳಿತು ಆಡುವ ಆಟದಲ್ಲಿ ಹೆಜ್ಜೆಹೆಜ್ಜೆಗೂ ತಕರಾರು. ತಕರಾರಿಗೆ ಭಾಷೆ ಬೇಕು. ನಾಲ್ವರ ಮನೆಮಾತು ನಾಲ್ಕಾದರೆ ನಾಲ್ವರಿಗೂ ತಿಳಿಯುವ ಮಾತು ಶಾಲೆಯ ಕನ್ನಡವೊಂದೇ. ಆದುದರಿಂದ ಚಳಿಯ ದಿನದ ಜಗಳಗಳೆಲ್ಲ ಕನ್ನಡದಲ್ಲಿ ನಡೆಯುತ್ತವೆ. ‘ಬಂದಿದ್ದರೆ ನೋಡುತ್ತಿದ್ದೆನು’ ಎಂಬಂಥ ಸಂಭಾವನೆಯ ವಾಕ್ಯಗಳನ್ನು ನಾಲ್ಕನೆಯ ತರಗತಿಯ ಮಕ್ಕಳ ಬಾಯಲ್ಲಿ ಹೊರಡಿಸಲು ಉಪಾಧ್ಯಾಯರು ಮೂರು ವಾರ ಹೆಣಗುವುದುಂಟು. ಆಡುಹುಲಿಯ ಮುಂದೆ ಕುಳಿತ ಹುಡುಗ, ‘ನೀನು ಇಲ್ಲಿ ಇಟ್ಟಿದ್ದರೆ ನಾನು ಅಲ್ಲಿಂದ ಹಾರುತ್ತಿದ್ದೆ, ಹಾರಿದ್ದರೆ ನಿನ್ನ ಆಡು ಸಾಯುತ್ತಿತ್ತು’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ವ್ಯಾಕರಣವು ಇಷ್ಟು ಸುಲಭವಾಗಿ ಬರುವುದಾದರೆ ಅದನ್ನು ಕರೆತಂದ ಚಳಿಯನ್ನು ಬಯ್ಯುವುದು ಹೇಗೆ?

ಆ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದ ಹಿರಿಯ ಉಪಾಧ್ಯಾಯರು ಈ ಬಿಡುವಿಗೆ ಅನಧ್ಯಾಯವೆಂದು ಹೆಸರಿಟ್ಟಿದ್ದರು. ಪೂರ್ವದ ಗುರುಕುಲಗಳಲ್ಲಿ ಅಧ್ಯಯನಕ್ಕೆ ಎಷ್ಟು ನಿಯಮವೋ ಅನಧ್ಯಾಯಕ್ಕೂ ಅಷ್ಟೇ ನಿಯಮ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲದೆ, ಮಂಜು ಕವಿದ ವೇಳೆಯಲ್ಲಿಯೂ ವೇದವನ್ನು ಓದಕೂಡದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇದೆ. ಪಾಡ್ಯದ ದಿನ ಓದುವವನ ವಿದ್ಯೆ ಕ್ಷೀಣಿಸುತ್ತದೆಂಬ ನಂಬಿಕೆ ಎಷ್ಟು ರೂಢವಾಗಿತ್ತೆಂದರೆ, ಲಂಕೆಯಲ್ಲಿ ಕೃಶಳಾಗಿದ್ದ ಸೀತೆಗೆ ವಾಲ್ಮೀಕಿಗಳು ಸುಂದರಕಾಂಡದಲ್ಲಿ ಅಂಥವನ ವಿದ್ಯೆಯನ್ನೇ ಉಪಮಾನವಾಗಿ ತಂದಿದ್ದಾರೆ. ಈ ನಿಷೇಧಗಳಿಗೆ ಹಿಂದಿನವರು ಯಾವ ಕಾರಣ ಕೊಟ್ಟಿದ್ದರೂ ಇರಲಿ. ಪಾಠವಿಲ್ಲದ ಹೊತ್ತನ್ನು ಅವರು ವ್ಯರ್ಥವೆಂದು ಎಣಿಸಲಿಲ್ಲ, ಪಾಠದ ಹೊತ್ತಿನಷ್ಟೇ ಕಟ್ಟುನಿಟ್ಟಾಗಿ ಅದನ್ನು ಕಾದರು ಎಂಬುದು ಗಮನಿಸತಕ್ಕ ಮಾತು. ಮಂಜು ಬಿದ್ದಾಗ ವೇದವನ್ನೇ ನಿಲ್ಲಿಸಬಹುದಾಗಿದ್ದರೆ, ಎರಡಂಕಿಯ ಭಾಗಾಕಾರವನ್ನು ಅರ್ಧ ಗಂಟೆ ನಿಲ್ಲಿಸುವುದು ಮಹಾಪರಾಧವಾಗಲಾರದು.

ಆದರೆ 2022ರ ಡಿಸೆಂಬರಿನಲ್ಲಿ ಈ ಅರ್ಧ ಗಂಟೆಗೇ ಸಂಚಕಾರ ಬಂದಿತು. ಮಹಾಮಾರಿಯ ಕಾರಣದಿಂದ 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮರಳಿ ತೆರೆದದ್ದು 2021ರ ಅಕ್ಟೋಬರು 25ರಂದು. ಹತ್ತೊಂಬತ್ತು ತಿಂಗಳು ಕಳೆದುಹೋಗಿತ್ತು. 2022-23ನೆಯ ವರ್ಷವನ್ನು ಸರ್ಕಾರ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಸಾರಿತು, ಕಲಿಯದೆ ಬಿಟ್ಟದ್ದನ್ನೂ ಹೊಸದಾಗಿ ಕಲಿಯಬೇಕಾದ್ದನ್ನೂ ಒಟ್ಟಿಗೆ ಹೊರಬೇಕಾಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಕರ್ತವ್ಯದಲ್ಲಿ ನಿಷ್ಠೆಯುಳ್ಳವರು. ಮಾಂಡೂಸಿನ ಸೋನೆ ಹಿಡಿದಾಗ ಅವರು, ‘ಅಂಗಳಕ್ಕೆ ಹೋಗಲಾರದ ಬಿಡುವು ಎಂಥ ಬಿಡುವು? ಮಕ್ಕಳು ಹೇಗೂ ಕೂತಿರುತ್ತಾರೆ. ಕೂತಲ್ಲಿ ಲೆಕ್ಕ ಮಾಡಲಿ’ ಎಂದರು. ಇದು ಅನ್ಯಾಯದ ಮಾತಲ್ಲ. ನಾಲ್ಕನೆಯ ತರಗತಿಯಲ್ಲಿ ತನ್ನ ಹೆಸರನ್ನು ಬರೆಯಲು ತಡವರಿಸುವ ಮಕ್ಕಳಿದ್ದರು.

ಹಿರಿಯ ಉಪಾಧ್ಯಾಯರು ವಾದಕ್ಕಿಳಿಯಲಿಲ್ಲ. ‘ಅಮ್ಮಾ, ಒಂದು ದಿನ ಬಿಡುವಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲಿ’ ಎಂದಷ್ಟೇ ಬಿನ್ನವಿಸಿದರು.

ಅವರ ಮನಸ್ಸಿನಲ್ಲಿದ್ದವನು ಒಬ್ಬ ಹುಡುಗ. ಯಾದಗಿರಿಯ ಕಡೆಯವನು. ತಂದೆತಾಯಿಗಳಿಬ್ಬರೂ ಕಟ್ಟಡದ ಕೂಲಿಗಳು. ಅವನು ಕುಳಿತ ಸಾಲಿನಲ್ಲಿ ಕನ್ನಡವನ್ನು ತಾಯಿಯಿಂದ ಕಲಿತವನು ಅವನೊಬ್ಬನೇ, ಮಾತನಾಡದವನೂ ಅವನೊಬ್ಬನೇ. ಸೇರಿದ ಮೊದಲ ವಾರ ಅವನು ಪಕ್ಕದವನನ್ನು ‘ಯಾಕಲೇ’ ಎಂದು ಕೇಳಿದ್ದಕ್ಕೆ ಕೊಠಡಿಯೆಲ್ಲ ನಕ್ಕಿತ್ತು. ಕನ್ನಡವನ್ನು ಪುಸ್ತಕದಿಂದ ಕಲಿತ ಮಕ್ಕಳು ಕನ್ನಡದ ಹುಡುಗನಿಗೆ ಕನ್ನಡ ಬರುವುದಿಲ್ಲವೆಂದು ತೀರ್ಮಾನಿಸಿಬಿಟ್ಟರು. ಅಂದಿನಿಂದ ಅವನು ಪ್ರಶ್ನೆಗೆ ತಲೆಯಾಡಿಸುವನು, ಹಾಜರಿಗೆ ಕೈಯೆತ್ತುವನು, ಬಾಯಿ ತೆರೆಯನು. ಬಿಸಿಲಿನ ದಿನಗಳಲ್ಲಿ ಅಂಗಳದ ಗೋಡೆಗೊರಗಿ ನಿಲ್ಲುವನು.

ಮುಖ್ಯೋಪಾಧ್ಯಾಯಿನಿಯವರು ಬಂದ ದಿನ ಹೊರಗೆ ಸೋನೆ ಸುರಿಯುತ್ತಿದ್ದಿತು. ಒಳಗೆ ಆಡುಹುಲಿಯ ಸುತ್ತ ಹತ್ತು ತಲೆಗಳು ಕೂಡಿದ್ದವು. ಆಡುಗಳ ಕಡೆ ಆ ಹುಡುಗ. ಆಡಿಗೆ ಹಾರುವ ಶಕ್ತಿಯಿಲ್ಲ, ಕೊಲ್ಲುವ ಶಕ್ತಿಯೂ ಇಲ್ಲ. ಒತ್ತಾಗಿ ನಿಂತು ಹುಲಿಯ ದಾರಿಯನ್ನು ಮುಚ್ಚುವುದೊಂದೇ ಅದರ ಬಲ. ಅವನು ಅವಸರಪಡದೆ ಒಂದೊಂದೇ ಕಲ್ಲನ್ನು ಅಂಚಿನಲ್ಲಿ ಇಡುತ್ತ ಬಂದನು. ಎದುರಿನವನು ಮೊದಲು ನಕ್ಕನು, ಆಮೇಲೆ ಯೋಚಿಸಿದನು, ಕೊನೆಗೆ ತಲೆ ಕೆರೆದುಕೊಂಡನು. ಮೂರನೆಯ ಹುಲಿಗೂ ದಾರಿ ಮುಚ್ಚಿದಾಗ ಹುಡುಗನಿಗೆ ತಾನು ಮೌನವ್ರತಿಯೆಂಬುದು ಮರೆತುಹೋಯಿತು. ‘ಸಿಕ್ತಲೇ ಹುಲಿ!’ ಎಂದು ಕೂಗಿದನು. ಈ ಬಾರಿ ಯಾರೂ ನಗಲಿಲ್ಲ. ಹೇಗೆ ಕಟ್ಟಿದೆ, ಹೇಳಿಕೊಡು ಎಂದು ಮುತ್ತಿಕೊಂಡರು. ಅವನು ತನ್ನ ಸೀಮೆಯ ಮಾತಿನಲ್ಲಿಯೇ ಹೇಳಿಕೊಡತೊಡಗಿದನು. ತಿಳಿಯದ ಮಾತನ್ನು ಅವರು ಕೇಳಿ ತಿಳಿದುಕೊಂಡರು.

‘ಈ ಹುಡುಗನಿಗೆ ಮಾತು ಬರುತ್ತದೆಯೆ?’ ಎಂದು ಮುಖ್ಯೋಪಾಧ್ಯಾಯಿನಿಯವರು ಮೆಲ್ಲಗೆ ಕೇಳಿದರು. ಉಪಾಧ್ಯಾಯರು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಆ ಚಳಿಗಾಲದಲ್ಲಿ ಬಿಡುವು ಬಿಡುವಾಗಿಯೇ ಉಳಿಯಿತು. ಅದಕ್ಕೆ ಬೆಲೆ ತೆರಬೇಕಾಗಲಿಲ್ಲವೆಂದಲ್ಲ. ವರ್ಷದ ಕೊನೆಯಲ್ಲಿ ಗಣಿತದ ಎರಡು ಪಾಠಗಳನ್ನು ಓಡೋಡಿ ಮುಗಿಸಬೇಕಾಯಿತು. ಕೆಲವರಿಗೆ ಅವು ಹಿಡಿಯಲೂ ಇಲ್ಲ.

ಯುಗಾದಿಗೆ ಮುನ್ನವೇ ಆ ಹುಡುಗ ಶಾಲೆಗೆ ಬರುವುದು ನಿಂತಿತು. ಕಟ್ಟಡ ಮುಗಿದಿತ್ತು, ತಂದೆತಾಯಿಗಳು ಬೇರೆ ಕೆಲಸವನ್ನು ಹುಡುಕಿಕೊಂಡು ಹೋದರು. ವರ್ಗಾವಣೆಯ ಪತ್ರವನ್ನು ಕೇಳಲು ಯಾರೂ ಬರಲಿಲ್ಲ. ಆದರೆ ಮುಂದಿನ ಚಳಿಗಾಲದಲ್ಲಿಯೂ ಆ ಕೊಠಡಿಯಲ್ಲಿ ಹುಲಿ ಕಟ್ಟಿಬಿದ್ದಾಗ, ತಮಿಳರ ಮಕ್ಕಳೂ ಉರ್ದುವಿನವರ ಮಕ್ಕಳೂ ‘ಸಿಕ್ತಲೇ’ ಎಂದೇ ಕೂಗುತ್ತಿದ್ದರು.

ಶಾಲೆಗೆ ಆಟದ ಬಯಲೂ ಆಟದ ಸಾಮಗ್ರಿಯೂ ಇರಬೇಕೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಬರೆದಿದೆ. ಶಿವಾಜಿನಗರ, ಹಲಸೂರುಗಳಂಥ ಇಕ್ಕಟ್ಟಿನ ಪೇಟೆಗಳಲ್ಲಿ ಬಯಲನ್ನು ಒದಗಿಸುವುದು ಕಷ್ಟಸಾಧ್ಯವಿರಬಹುದು. ಚಳಿಯ ದಿನದ ಬಿಡುವಿಗೆ ಬಯಲೂ ಬೇಡ, ಹಣವೂ ಬೇಡ. ಒಂದು ಸುಣ್ಣದ ಕಡ್ಡಿ, ಒಂದು ಹಿಡಿ ಹುಣಿಸೆಬೀಜ, ಇಪ್ಪತ್ತು ಬೆಣಚುಕಲ್ಲು, ಬಾಗಿಲಲ್ಲಿ ಸುಮ್ಮನೆ ನಿಲ್ಲಬಲ್ಲ ಒಬ್ಬ ಉಪಾಧ್ಯಾಯ. ಮೊದಲ ಮೂರನ್ನು ಸಂಪಾದಿಸುವುದು ಸುಲಭ. ನಾಲ್ಕನೆಯದಕ್ಕೆ ಮಾತ್ರ ಸ್ವಲ್ಪ ಅಭ್ಯಾಸ ಬೇಕು.