ಕಿರುಬೈರಿಗೆಯ ಹಿಡಿ

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹಗಲೆಲ್ಲ ಕೇಳಿಬರುವುದು ಮಗ್ಗಗಳ ಸದ್ದು. ಆ ಸದ್ದಿನ ನಡುವೆ, ಕಿರಿದಾದ ಅಂಗಡಿಯೊಂದರಲ್ಲಿ, ವೃದ್ಧ ಅಕ್ಕಸಾಲಿಗರೊಬ್ಬರು ಸದ್ದಿಲ್ಲದ ಕೆಲಸದಲ್ಲಿ ತೊಡಗಿರುತ್ತಾರೆ. ಚಿನ್ನದ ತಗಡಿನಲ್ಲಿ ಬಳ್ಳಿಯನ್ನೋ ಹಂಸವನ್ನೋ ಕತ್ತರಿಸಿ ಬಿಡಿಸಬೇಕಾದರೆ ಎಳೆಯಂತಹ ಗರಗಸದ ಅಲಗನ್ನು ಅದರೊಳಕ್ಕೆ ತೂರಿಸಬೇಕು. ಅದಕ್ಕೆ ಮೊದಲು ಒಂದು ತೂತು ಬೇಕು. ಅದರ ಅಗಲವೋ 1 ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಸಣ್ಣ ಬೈರಿಗೆಯನ್ನು ಬರಿಗೈಯಲ್ಲಿ ಹಿಡಿದು ತಿರುಗಿಸಲಾಗದು. ಅದನ್ನು ಹಿಡಿಯುವ ಪುಟ್ಟ ಉಪಕರಣವೇ ಪಿನ್ ವೈಸ್.

ನೋಡಲು ಅದು ದಪ್ಪನೆಯ ಲೇಖನಿಯಂತಿದೆ. ತುದಿಯಲ್ಲಿ ಸೀಳುಗಳುಳ್ಳ ಲೋಹದ ದವಡೆ. ಅದಕ್ಕೆ ಕಾಲೆಟ್ ಎನ್ನುತ್ತಾರೆ. ಮೇಲಿನ ತಿರುಪನ್ನು ಬಿಗಿದಂತೆ ದವಡೆಗಳು ಕೂಡಿಕೊಂಡು ಬೈರಿಗೆಯನ್ನು ಕಚ್ಚುತ್ತವೆ. ಹಿಂತುದಿಯ ಗುಂಡಿಯನ್ನು ಅಂಗೈಗೆ ಒತ್ತಿಟ್ಟು, ಮೈಯನ್ನು ಬೆರಳುಗಳಿಂದ ಹೊರಳಿಸಿದರೆ ಬೈರಿಗೆ ಕೊರೆಯುತ್ತ ಸಾಗುತ್ತದೆ. ಗಡಿಯಾರ ರಿಪೇರಿಯವರಿಗೂ ಇದು ಬೇಕು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕೈಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೂ ಆ ಗಡಿಯಾರಗಳು ಇನ್ನೂ ಎಷ್ಟೋ ಮಣಿಕಟ್ಟುಗಳ ಮೇಲಿವೆ.

ಅಕ್ಕಸಾಲಿಗರ ಬಳಿ ಕೆಲಸ ಕಲಿಯುತ್ತಿದ್ದ ಸೋದರಳಿಯ ಒಂದು ದಿನ ಬೆಂಗಳೂರಿನಿಂದ ಹೊಸ ಪಿನ್ ವೈಸ್ ತಂದಿದ್ದ. ಬೆಲೆ ಅಗ್ಗ, ಹೊಳಪು ಬಹಳ. ಮಣೆಯ ಮೇಲಿದ್ದುದು ವಿಜಯಪುರದ ಕಡೆಯ ರೇಷ್ಮೆ ಬೆಳೆಗಾರ್ತಿಯೊಬ್ಬಳ ಚಿನ್ನ. ಹಲವು ಬೆಳೆಗಳ ಗೂಡು ಮಾರಿ ಉಳಿಸಿದ ಹಣದಿಂದ ಮಗಳ ಮದುವೆಗೆಂದು ಆಕೆ ಓಲೆ ಮಾಡಿಸಲು ಕೊಟ್ಟಿದ್ದಳು. ಲಗ್ನಕ್ಕೆ ಎಂಟು ದಿನವಿತ್ತು.

“ಮಾವ, ಇದರಲ್ಲೇ ಕೊರೆಯಲೇ?”

“ತಾಳಪ್ಪ. ಮೊದಲು ಅದರ ನಡೆ ನೋಡೋಣ.”

ಅವರು ಸಣ್ಣದೊಂದು ಬೈರಿಗೆಯನ್ನು ಗಾಜಿನ ಮೇಲೆ ಉರುಳಿಸಿ, ಅದು ಡೊಂಕಿಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ಅದನ್ನು ಹೊಸ ಹಿಡಿಗೆ ಸಿಕ್ಕಿಸಿ, ಭೂತಗನ್ನಡಿಯ ಕೆಳಗೆ ಮೆಲ್ಲನೆ ತಿರುಗಿಸಿದರು. ಬೈರಿಗೆಯ ಮೊನೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕಾಗಿತ್ತು. ಅದು ಪುಟ್ಟ ವೃತ್ತವನ್ನೇ ಬರೆಯಿತು. ಹೀಗೆ ಓಲಾಡುವ ಬೈರಿಗೆ ತೂತನ್ನು ಅಗಲಿಸುತ್ತದೆ, ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಮುರಿದ ಉಕ್ಕಿನ ಚೂರು ಚಿನ್ನದಲ್ಲಿ ಸಿಕ್ಕಿಕೊಂಡರೆ ಅಲ್ಲಿಯವರೆಗಿನ ಕೆಲಸವೇ ಕೆಟ್ಟೀತು. ಬೆರಳಲ್ಲಿ ಎಳೆದಾಗ ಬೈರಿಗೆ ಜಾರಿಯೂ ಬಂತು: ದವಡೆಗಳು ನಡುವಿನಲ್ಲಿ ಸರಿಯಾಗಿ ಕೂಡುತ್ತಿರಲಿಲ್ಲ.

ಅಗ್ಗದ್ದೆಲ್ಲ ಕೆಟ್ಟದ್ದೆಂದಲ್ಲ, ದುಬಾರಿಯದೂ ಓರೆಯಾಗಿ ತಿರುಗೀತು. ಪೆಟ್ಟಿಗೆಯಲ್ಲಿ ಕಾಲೆಟ್‌ಗಳು ಎಷ್ಟಿವೆಯೆಂಬುದಕ್ಕಿಂತ, ಬೇಕಾದ ಗಾತ್ರದ ಬೈರಿಗೆಯನ್ನು ಅವು ನೆಟ್ಟಗೆ ಹಿಡಿಯುತ್ತವೆಯೇ ಎಂಬುದು ಮುಖ್ಯ. ಹಿಂದಿನ ಗುಂಡಿ ಸಲೀಸಾಗಿ ತಿರುಗಬೇಕು, ಅಲುಗಾಡಬಾರದು. ಬೈರಿಗೆಯ ಆಯ್ಕೆಯಲ್ಲಿಯೂ ವಿವೇಕ ಬೇಕು. ಕಾರ್ಬೈಡ್ ಬಹು ಗಡಸು, ಆದರೆ ಕೈ ತುಸು ವಾಲಿದರೂ ಮುರಿಯುವಂಥದು. ಕೈಗೆಲಸಕ್ಕೆ ಹೈಸ್ಪೀಡ್ ಉಕ್ಕೇ ಲೇಸು.

ಮಾವ ತಮ್ಮ ಹಳೆಯ ಹಿಡಿಯನ್ನು ಕೊಟ್ಟರು. ಅದರ ಮೈಯ ಗೀರುಗಳು ಸವೆದಿದ್ದವು. ಮೊನೆ ಮಾತ್ರ ಕದಲಲಿಲ್ಲ. ಹುಡುಗ ತಗಡಿನ ಮೇಲೆ ಗುರುತು ಕುಟ್ಟಿ, ಬೈರಿಗೆಗೆ ಜೇನುಮೇಣ ಸವರಿ, ಆಗಾಗ ಹಿಂದೆಗೆದು ಪುಡಿ ಕೊಡವುತ್ತ ಕೊರೆದ. ತೂತು ಬಿದ್ದ ಮೇಲೆ ಚಿನ್ನದ ಪುಡಿಯನ್ನು ಕುಂಚದಿಂದ ಗುಡಿಸಿ, ಪೊಟ್ಟಣ ಕಟ್ಟಿ, ಆಕೆಯ ಚಿನ್ನದೊಡನೆ ತಕ್ಕಡಿಯಲ್ಲಿ ಇಟ್ಟ.