ಬೆಟ್ಟದ ಈಚೆ, ಬೆಟ್ಟದ ಆಚೆ

ನಾಗಸಾಕಿಗೆ ಹೋದವರು ಬಾಂಬಿನ ಸ್ಮಾರಕಕ್ಕಿಂತ ಮೊದಲು ಊರಿನ ಗುಡ್ಡಗಳನ್ನು ನೋಡಬೇಕು. ಬಂದರಿನ ಕಡೆಯಿಂದ ಎರಡು ಕಣಿವೆಗಳು ಒಳಕ್ಕೆ ಸಾಗುತ್ತವೆ, ನಡುವೆ ಕೊಂಪಿರಾ ಬೆಟ್ಟ. ಒಂದು ಕಣಿವೆಯಲ್ಲಿ ಹಳೆಯ ಪೇಟೆ, ಇನ್ನೊಂದರಲ್ಲಿ ಉರಕಾಮಿ. ನಾವು ಪೇಟೆಯಲ್ಲಿ ಟ್ರಾಮ್ ಹತ್ತಿ ಉರಕಾಮಿಯಲ್ಲಿ ಇಳಿದೆವು.

ಉರಕಾಮಿಯನ್ನು ನಮ್ಮವರ ಊರು ಎನ್ನಬೇಕು. ಸಂತ ಫ್ರಾನ್ಸಿಸ್ ಝೇವಿಯರರು ಗೋವೆಯಿಂದ ಹೊರಟು 1549ರಲ್ಲಿ ಜಪಾನಿಗೆ ಕೊಂಡೊಯ್ದ ವಿಶ್ವಾಸವನ್ನು ಇಲ್ಲಿನ ರೈತರು ಗುರುಗಳಿಲ್ಲದೆ, ದೇವಾಲಯವಿಲ್ಲದೆ ಇನ್ನೂರಕ್ಕೂ ಹೆಚ್ಚು ವರ್ಷ ಗುಟ್ಟಾಗಿ ಕಾಪಾಡಿಕೊಂಡರು. 1873ರಲ್ಲಿ ನಿಷೇಧ ತೆರವಾಯಿತು. ಪವಿತ್ರ ಚಿತ್ರಗಳನ್ನು ಕಾಲಲ್ಲಿ ತುಳಿಯಿರೆಂದು ತಮ್ಮನ್ನು ಬಲವಂತಪಡಿಸುತ್ತಿದ್ದ ಊರ ಮುಖಂಡನ ಮನೆಯ ಜಾಗವನ್ನೇ ಕೊಂಡು ಅವರು ಅಲ್ಲಿ ದೇವಾಲಯ ಎಬ್ಬಿಸಿದರು. ಎಂಥ ಜನ!

ಬಂದರಿನ ಸುತ್ತ ಸಮತಟ್ಟಾದ ನೆಲ ಕಡಿಮೆ. ಮಿತ್ಸುಬಿಶಿಯ ಉಕ್ಕಿನ ಮತ್ತು ಟಾರ್ಪೆಡೊ ಕಾರ್ಖಾನೆಗಳು ಈ ಕಣಿವೆಯಲ್ಲೇ ನೆಲೆಯೂರಿದವು. ಅವುಗಳ ಮಗ್ಗುಲಲ್ಲೇ ಮನೆ, ಶಾಲೆ, ಆಸ್ಪತ್ರೆ, ದೇವಾಲಯ. 1945ರ ಆಗಸ್ಟ್ 9ರಂದು ಬಾಂಬು ಹೊತ್ತ ವಿಮಾನ ಮೊದಲು ಹೋದದ್ದು ಕೊಕುರಾದ ಶಸ್ತ್ರಾಗಾರದ ಮೇಲೆ. ಅಲ್ಲಿ ಗುರಿ ಕಾಣದೆ ನಾಗಸಾಕಿಗೆ ತಿರುಗಿತು. ಇಲ್ಲಿ ಗುರಿಯಿದ್ದದ್ದು ಪೇಟೆಯ ಕಡೆಗೆ, ಮೋಡದ ಸಂದಿಯಲ್ಲಿ ಕಂಡದ್ದು ಉರಕಾಮಿ. 11 ಗಂಟೆ 2 ನಿಮಿಷಕ್ಕೆ ಎರಡು ಕಾರ್ಖಾನೆಗಳ ನಡುವೆ ಬಾಂಬು ಸಿಡಿಯಿತು. ದೇವಾಲಯಕ್ಕೂ ಆ ಜಾಗಕ್ಕೂ ಸುಮಾರು 500 ಮೀಟರ್ ದೂರ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬ ಹತ್ತಿರವಿತ್ತು. ಪಾಪನಿವೇದನೆ ಕೇಳುತ್ತಿದ್ದ ಇಬ್ಬರು ಗುರುಗಳೂ ಅಲ್ಲಿ ಸೇರಿದ್ದ ಭಕ್ತರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ತೀರಿಕೊಂಡರು.

ಬೆಟ್ಟದ ಆಚೆಯ ಪೇಟೆಯಲ್ಲಿ ಬಹಳಷ್ಟು ಉಳಿಯಿತು. ಹಿರೋಷಿಮಾ ನದೀಮುಖದ ಬಯಲು. ಅಲ್ಲಿ ಸಿಡಿದ ಬಾಂಬಿನ ಶಕ್ತಿ ಕಡಿಮೆಯಿದ್ದರೂ ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ನಾಗಸಾಕಿಯಲ್ಲಿ ಸುಮಾರು 74,000. ಗುಡ್ಡಗಳು ತಡೆದದ್ದು ಇದಕ್ಕೊಂದು ಮುಖ್ಯ ಕಾರಣ. 1946ರಲ್ಲಿ ಅಮೆರಿಕದ ಸಮೀಕ್ಷಾ ತಂಡ ಇದನ್ನೆಲ್ಲ ಅಳೆದು ನೋಡಿ, ಕಾರ್ಖಾನೆಗಳನ್ನೂ ಜನರನ್ನೂ ಒಂದೇ ಕಡೆ ಒಟ್ಟದೆ ದೂರದೂರಕ್ಕೆ ಹಂಚಬೇಕೆಂದು ತನ್ನ ದೇಶಕ್ಕೇ ಸಲಹೆ ಕೊಟ್ಟಿತು. ಲೆಕ್ಕ ಸರಿಯೇ. ಆದರೆ ದುಡಿಯುವವನು ಮನೆ ಹೂಡುವುದು ಕಾರ್ಖಾನೆಯ ಬಾಗಿಲ ಬಳಿಯೇ, ದಾರಿಯ ಖರ್ಚು ಉಳಿಯಬೇಕಲ್ಲ! ಬಂದರು, ರೈಲು, ನೀರು ಇರುವಲ್ಲೇ ಊರು ದಟ್ಟವಾಗುತ್ತದೆ, ವೈರಿಯ ನಕ್ಷೆಯಲ್ಲಿ ಗುರುತು ಬೀಳುವುದೂ ಅಲ್ಲೇ. ಅಂದಿನದಕ್ಕಿಂತ ಹತ್ತಾರು ಪಟ್ಟು ದೊಡ್ಡ ಬಾಂಬುಗಳಿರುವ ಈ ಕಾಲದಲ್ಲಿ ಕೊಂಪಿರಾ ಬೆಟ್ಟವನ್ನು ನಂಬಿ ಕೂರುವಂತೆಯೂ ಇಲ್ಲ.

ದೇವಾಲಯದ ಕೆಳಗಿನ ಇಳಿಜಾರಿನಲ್ಲಿ, ಅಂದು ಉರುಳಿಬಿದ್ದ ಗಂಟೆಗೋಪುರದ ಗುಮ್ಮಟ ಇನ್ನೂ ಇದೆ. ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಅದರ ಬದಲಿಗೆ ಅಮೆರಿಕದ ಕಥೋಲಿಕರು ಕಾಣಿಕೆ ಕೊಟ್ಟ ಹೊಸ ಗಂಟೆ, 2025ರ ಆಗಸ್ಟ್ 9ರಂದು 11 ಗಂಟೆ 2 ನಿಮಿಷಕ್ಕೆ ಹಳೆಯ ಗಂಟೆಯ ಜೊತೆಗೂಡಿ ಮೊಳಗಿತು.