ಹೆಮ್ಮೆಯ ಕುಲಕ್ಕೊಂದು ಗಂಟಿನ ದಾರ

ಎಲ್ಫ್‌ಗಳ, ಅಂದರೆ ಯುರೋಪಿನ ಕಥೆಗಳ ಚೂಪುಗಿವಿಯ ಜನರ, ಕುಲವೊಂದನ್ನು ಕಟ್ಟೋಣ ಎಂದು ನಾಲ್ಕು ಜನ ಸೇರಿದರೆ ಮೊದಲ ಅರ್ಧ ಗಂಟೆ ಕಿವಿಯ ಮಾತಿನಲ್ಲೇ ಕಳೆದುಹೋಗುತ್ತದೆ. ತುದಿ ಎಷ್ಟು ಚೂಪಾಗಿರಬೇಕು, ಮೇಲಕ್ಕೆ ನಿಗುರಬೇಕೋ ಹಿಂದಕ್ಕೆ ಬಾಗಬೇಕೋ, ಲೇಟೆಕ್ಸಿನದು ತರಿಸುವುದೋ ಸಿಲಿಕೋನಿನದು ತರಿಸುವುದೋ. ಆಮೇಲೆ ಕೂದಲಿನ ಬಣ್ಣ, ನಿಲುವಂಗಿಯ ಅಂಚು, ಬಿಲ್ಲಿನ ಬಾಗು. ಇವೆಲ್ಲ ಬೇಕಾದವೇ, ಅಲ್ಲಗಳೆಯುವುದಿಲ್ಲ. ಕಿವಿಯ ಬಗ್ಗೆ ನನಗೇ ಹೇಳಲು ಬೇಕಾದಷ್ಟಿದೆ, ಮುಂದೆ ಹೇಳುತ್ತೇನೆ. ಆದರೆ ಕಿವಿ ಅಂಟಿಸಿಕೊಂಡ ಮಾತ್ರಕ್ಕೆ ಯಾರೂ ಎಲ್ಫ್ ಆಗುವುದಿಲ್ಲ. ಆ ಕುಲದ ಉಸಿರಿರುವುದು ಅದರ ಹೆಮ್ಮೆಯಲ್ಲಿ. ಈ ಆಟದಲ್ಲಿ ನಾನು ತುಂಬಾ ಹಚ್ಚಿಕೊಂಡಿರುವ ಕೆಲಸವೆಂದರೆ ಆ ಹೆಮ್ಮೆಯನ್ನು ಕಟ್ಟುವುದು.

ಆಟ ಎಂದೆ. ಗೊತ್ತಿಲ್ಲದವರಿಗೆ ಎರಡು ಮಾತು. ಲೈವ್ ಆಕ್ಷನ್ ರೋಲ್‌ಪ್ಲೇ, ಆಡುವವರ ಬಾಯಲ್ಲಿ ಲಾರ್ಪ್. ಒಂದು ಬಯಲಿನಲ್ಲೋ ಕಾಡಿನಲ್ಲೋ ಹಳೇ ಕೋಟೆಯಲ್ಲೋ ಜನ ವೇಷ ಹಾಕಿಕೊಂಡು ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ. ಬರೆದಿಟ್ಟ ಮಾತಿಲ್ಲ, ನೋಡಲು ಕೂತ ಪ್ರೇಕ್ಷಕರಿಲ್ಲ. ಎರಡು ಮೂರು ದಿನ ಆ ಪಾತ್ರವಾಗಿಯೇ ಉಣ್ಣುವುದು, ಜಗಳವಾಡುವುದು, ಸಂಧಿ ಮಾಡಿಕೊಳ್ಳುವುದು, ಲೇಟೆಕ್ಸ್ ಹೊದಿಸಿದ ಫೋಮ್ ಕತ್ತಿಯಲ್ಲಿ ಹೊಡೆದಾಡುವುದು. 1977ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಆಸುಪಾಸಿನ ಹುಡುಗರು ಡಾಗೊರ್‌ಹಿರ್ ಎಂಬ ಹೆಸರಿನಲ್ಲಿ ಇಂಥ ಕಾಳಗ ಶುರುಮಾಡಿದರು. ಆ ಹೆಸರನ್ನು ಅವರು ತೆಗೆದುಕೊಂಡದ್ದೇ ಲೇಖಕ ಟೋಲ್ಕಿನ್ನರು ಕಟ್ಟಿದ ಎಲ್ಫ್‌ಗಳ ನುಡಿಯಿಂದ. ಇಂಗ್ಲೆಂಡಿನಲ್ಲಿ 1982ರಲ್ಲಿ ಚೆಷೈರಿನ ಪೆಕ್‌ಫರ್ಟನ್ ಕೋಟೆಯೊಳಗೆ ಟ್ರೆಷರ್ ಟ್ರ್ಯಾಪ್ ಎಂಬ ಆಟ ಮೊದಲಾಯಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಂತೂ ಇದು ಒಂದು ಕಲೆಯಾಗಿಯೇ ಬೆಳೆದಿದೆ. ಅಲ್ಲಿನವರು 1997ರಿಂದ ವರ್ಷವರ್ಷ ಒಂದೊಂದು ದೇಶದಲ್ಲಿ ಸೇರಿ ಆಟ ಕಟ್ಟುವ ಬಗೆಯನ್ನು ಚರ್ಚಿಸುತ್ತಾರೆ. ಡೆನ್ಮಾರ್ಕಿನ ಹೋಬ್ರೋ ಊರಿನಲ್ಲಿ ಇಂಥ ಆಟಗಳ ಮೂಲಕವೇ ಪಾಠ ಹೇಳುವ ವಸತಿಶಾಲೆಯಿದೆ. ಗಣಿತವನ್ನೂ ಚರಿತ್ರೆಯನ್ನೂ ಮಕ್ಕಳು ಪಾತ್ರವಾಗಿ ನಿಂತು ಕಲಿಯುತ್ತಾರೆ. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ಮತ್ತೆ ಎಲ್ಫ್‌ಗಳಿಗೆ ಬರೋಣ. ಹದಿಮೂರನೇ ಶತಮಾನದ ಐಸ್‌ಲೆಂಡಿನಲ್ಲಿ ಸ್ನೋರ್ರಿ ಸ್ಟುರ್ಲುಸನ್ ಎಂಬ ಪಂಡಿತ ಬೆಳಕಿನ ಎಲ್ಫ್‌ಗಳು, ಕತ್ತಲ ಎಲ್ಫ್‌ಗಳು ಎಂದು ಎರಡು ಬಗೆ ಬರೆದಿಟ್ಟ. ಆಮೇಲೆ ಶತಮಾನಗಳ ಕಾಲ ಜನಪದ ಕಥೆಗಳಲ್ಲಿ ಎಲ್ಫ್‌ಗಳು ಕುಗ್ಗುತ್ತಾ ಬಂದು ಹೂವಿನೊಳಗೆ ಕೂರುವಷ್ಟು ಸಣ್ಣವಾದವು. ಅವನ್ನು ಮತ್ತೆ ಎತ್ತರಕ್ಕೆ ನಿಲ್ಲಿಸಿದವರು ಇಪ್ಪತ್ತನೇ ಶತಮಾನದ ಬರಹಗಾರರು: 1924ರಲ್ಲಿ ಲಾರ್ಡ್ ಡನ್ಸೇನಿ, ಆಮೇಲೆ ಟೋಲ್ಕಿನ್. ಟೋಲ್ಕಿನ್ನರ ಮರಣಾನಂತರ 1977ರಲ್ಲಿ ಬಂದ ‘ಸಿಲ್ಮರಿಲಿಯನ್’ನಲ್ಲಿ ಫಿಯನೋರ್ ಎಂಬ ಎಲ್ಫ್ ಇದ್ದಾನೆ. ಹೆಮ್ಮೆಯ ಕುಲ ಕಟ್ಟಲು ಹೊರಟವರು ಅವನನ್ನು ಬಿಡುವಂತಿಲ್ಲ. ತಾನು ಮಾಡಿದ ಮೂರು ರತ್ನಗಳಿಗಾಗಿ ಅವನು ಒಂದು ಆಣೆ ಇಡುತ್ತಾನೆ, ಏಳು ಮಕ್ಕಳೂ ಇಡುತ್ತಾರೆ. ಆ ಆಣೆಯ ಬೆನ್ನು ಹತ್ತಿ ಹೋಗಿ ತಮ್ಮದೇ ಬಂಧುಗಳನ್ನು ಬಂದರಿನಲ್ಲಿ ಕೊಂದು ಹಡಗು ಕಿತ್ತುಕೊಳ್ಳುತ್ತಾರೆ. ಮುಂದಿನ ಅನಾಹುತಗಳೆಲ್ಲ ಆ ಒಂದು ಆಣೆಯಿಂದ ಹುಟ್ಟಿದವು. ಅವನ ಗರ್ವ ನಿಂತಿರುವುದು ಮುಖಭಾವದಲ್ಲಲ್ಲ, ಮುಗಿಸಲೇಬೇಕಾದ ಒಂದು ಮಾತಿನಲ್ಲಿ. ಓದಿದಾಗಲೆಲ್ಲ ನನಗೆ ನಮ್ಮ ದುರ್ಯೋಧನ ಎದುರು ಬಂದು ನಿಲ್ಲುತ್ತಾನೆ. ಪಂಪ ಅವನನ್ನು ಛಲಕ್ಕೆ ನೆನೆದ, ರನ್ನ ಅವನಿಗಾಗಿ ಒಂದು ಕಾವ್ಯದ ತುಂಬ ಮರುಗಿದ. ಛಲವನ್ನು ಗುಣವೆಂದು ಎಣಿಸಿ ತೂಗಿದ ಸಾಹಿತ್ಯದಲ್ಲಿ ಬೆಳೆದವರಿಗೆ ಫಿಯನೋರ್ ಅಪರಿಚಿತನಲ್ಲ.

ಪುಸ್ತಕದಲ್ಲಿ ಇದು ಸರಿ. ಬಯಲಿನಲ್ಲಿ ಏನಾಗುತ್ತದೆ? ‘ಗರ್ವಿಷ್ಠ ಎಲ್ಫ್’ ಎಂದು ಬರೆದುಕೊಂಡ ಆಟಗಾರ ಒಂದು ಮರದ ಕೆಳಗೆ ಮೂಗು ಮೇಲೆ ಮಾಡಿ ನಿಲ್ಲುತ್ತಾನೆ. ಹತ್ತಿರ ಬಂದವರನ್ನೆಲ್ಲ ‘ಮನುಷ್ಯ’ ಎಂದು ಬೈಗುಳದಂತೆ ಕರೆಯುತ್ತಾನೆ. ಒಂದು ಸಲ ಕರೆಸಿಕೊಂಡವರು ಎರಡನೇ ಸಲ ಅತ್ತ ಸುಳಿಯುವುದಿಲ್ಲ. ಸಂಜೆಯ ಹೊತ್ತಿಗೆ ಅವನೊಬ್ಬನೇ, ಸುತ್ತ ಒಬ್ಬರಿಲ್ಲ. ಕಾದಂಬರಿಯಲ್ಲಾದರೆ ಆ ತಿರಸ್ಕಾರದ ಹಿಂದಿನ ನೋವನ್ನು ಲೇಖಕ ಬಿಡಿಸಿ ಹೇಳುತ್ತಾನೆ, ಓದುಗ ಕ್ಷಮಿಸುತ್ತಾನೆ. ಬಯಲಿನಲ್ಲಿ ಹಾಗೆ ಹೇಳುವವರಿಲ್ಲ. ಬೈಸಿಕೊಂಡವರೂ ತಿಂಗಳುಗಟ್ಟಲೆ ಕೂತು ಬಟ್ಟೆ ಹೊಲಿದು, ದುಡ್ಡು ಕೊಟ್ಟು, ಟೆಂಟು ಹೊತ್ತು ಬಂದವರು. ಅವರಿಗೆ ಮಾಡಲು ಏನನ್ನೂ ಕೊಡದ ಹೆಮ್ಮೆ ಆಟವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ.

ರಂಗಭೂಮಿಯವರು ಹೇಳುವ ಮಾತೊಂದಿದೆ: ರಾಜನ ಪಾತ್ರವನ್ನು ಆಡುವವರು ಅವನ ಸುತ್ತಲಿನವರು. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಒಡ್ಡೋಲಗದಲ್ಲಿ ರಾಜ ಬಂದು ಕೂರುವ ಮುಂಚೆಯೇ ಭಾಗವತರ ಪದ, ಚೆಂಡೆ, ಸುತ್ತ ನಿಂತ ವೇಷಗಳು ಸೇರಿ ಅವನನ್ನು ರಾಜನನ್ನಾಗಿ ಮಾಡಿರುತ್ತವೆ. ಬಣ್ಣದ ವೇಷವಾದರೆ ತೆರೆಯ ಹಿಂದಿನ ಆರ್ಭಟವೇ ಅರ್ಧ ಪಾತ್ರ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ. ಕೌರವನ ಅರ್ಥ ಹೇಳುವವರು ಎಷ್ಟೇ ದೊಡ್ಡವರಾಗಲಿ, ಎದುರಿಗೆ ಕೃಷ್ಣನ ಅರ್ಥ ಹೇಳುವವರು ಮಾತಿಗೆ ಎಡೆ ಕೊಡದಿದ್ದರೆ ಆ ಛಲ ಮೇಲೇಳುವುದೇ ಇಲ್ಲ. ಎಲ್ಫ್‌ನ ಹೆಮ್ಮೆಯೂ ಹೀಗೆಯೇ ಇನ್ನೊಬ್ಬರು ಕೊಡಬೇಕಾದದ್ದು. ಕೊಡುವವರಿಗೆ ಅದರಲ್ಲಿ ಏನೋ ಒಂದು ಸಿಗಬೇಕು.

ಮೈಯಲ್ಲಿ ತೋರಿಸುವ ವಿಷಯಕ್ಕೆ ಬಂದರೆ ಕೀತ್ ಜಾನ್‌ಸ್ಟನ್ ಅವರ ‘ಇಂಪ್ರೋ’ ಎಂಬ ಪುಸ್ತಕದಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. 1979ರದು. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ನಟರಿಗೆ ಆಶುನಾಟಕ ಕಲಿಸುತ್ತಿದ್ದವರು ಅವರು. ಮಾತಾಡುವಾಗ ತಲೆ ಅಲ್ಲಾಡಿಸದೆ ಇಟ್ಟುಕೊಂಡರೆ ಸಾಕು, ನೋಡುವವರಿಗೆ ಆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ ಎನ್ನುತ್ತಾರೆ. ಮಾಡಿ ನೋಡಿ. ಕನ್ನಡಿಗರಾದ ನಮಗಂತೂ ಮಾತಿಗೊಮ್ಮೆ ತಲೆದೂಗುವ ಅಭ್ಯಾಸ, ಬೆವರು ಬರುತ್ತದೆ. ಆದರೆ ತಲೆ ನಿಲ್ಲಿಸುವುದು ಬಂದ ಮೇಲೆ ಮೂಗು ಎತ್ತಬೇಕಾಗಿಲ್ಲ, ಗದರಬೇಕಾಗಿಲ್ಲ. ತುಂಬ ಮೆಲ್ಲಗೆ, ತುಂಬ ಮರ್ಯಾದೆಯಿಂದ ಮಾತಾಡುತ್ತಲೇ ಎತ್ತರದಲ್ಲಿ ಇರಬಹುದು.

ಈಗ ಕಷ್ಟದ ಭಾಗ. ಯಾವುದರ ಬಗ್ಗೆ ಹೆಮ್ಮೆ? ಬಳಕೆಯಲ್ಲಿರುವ ಉತ್ತರ: ಹುಟ್ಟು. ನಾವು ಮೊದಲು ಹುಟ್ಟಿದವರು, ನಮ್ಮ ರಕ್ತ ಶುದ್ಧ, ನಿಮ್ಮ ಕೈಯ ನೀರು ನಮಗಾಗದು. ಇಂಥ ಬರಹ ಕೈಗೆ ಬಂದಾಗಲೆಲ್ಲ ನಾನು ಹಿಂದಿರುಗಿಸುತ್ತೇನೆ. ಜೊತೆಯ ಇಂಗ್ಲಿಷ್ ಗೆಳೆಯರಿಗೆ ಅದು ಕಟ್ಟುಕಥೆ. ನನಗೆ ಅದು ಕೇರಿಗಳ ನಡುವಿನ ಗೋಡೆ, ಬೇರೆ ಇಟ್ಟ ಲೋಟ. ಹುಟ್ಟಿನ ಮೇಲಿನ ಹೆಮ್ಮೆಯನ್ನು ಹನ್ನೆರಡನೇ ಶತಮಾನದಲ್ಲೇ ಕಲ್ಯಾಣದ ಶರಣರು ಎದುರು ನಿಂತು ಪ್ರಶ್ನಿಸಿದ ನಾಡಿನಿಂದ ಬಂದವಳು ನಾನು. ಅದನ್ನೇ ಚೆಂದದ ನಿಲುವಂಗಿ ತೊಡಿಸಿ ರಜೆಯ ದಿನ ಆಡಲಾರೆ. ಆಟದಲ್ಲಿ ಕೆಟ್ಟವರು ಇರಬಾರದೆಂದಲ್ಲ. ಮೈಕೆಲ್ ಮೂರ್‌ಕಾಕ್ 1961ರಿಂದ ಬರೆದ, ಮೆಲ್ನಿಬೊನೆ ಎಂಬ ಕಲ್ಪಿತ ನಾಡಿನ ಜನ ಕ್ರೂರಿಗಳು, ಸಾವಿರಾರು ವರ್ಷ ಜಗತ್ತನ್ನಾಳಿ ಕೊಳೆತವರು. ಆ ಕೊಳೆತವನ್ನು ಲೇಖಕ ಮುಚ್ಚಿಡುವುದಿಲ್ಲ. ಜನ್ಮದ ಮೇಲುತನವನ್ನು ಬರೀ ಅಲಂಕಾರವಾಗಿ ಇಡುವುದು ನನಗೆ ಒಗ್ಗದು. ಇಂಗ್ಲೆಂಡಿನ ದೊಡ್ಡ ಆಟಗಳಲ್ಲೊಂದಾದ ‘ಎಂಪೈರ್’ 2013ರಲ್ಲಿ ಶುರುವಾದಾಗ ಎಲ್ಫ್‌ಗಳನ್ನೇ ಇಟ್ಟುಕೊಳ್ಳಲಿಲ್ಲ. ಅಲ್ಲಿ ಬೆಟ್ಟದ ತುದಿಯ ಗೋಪುರಗಳಲ್ಲಿ ವಾಸಿಸುವ ಉರಿಜೆನ್ ಎಂಬ ಮಾಂತ್ರಿಕರ ನಾಡಿದೆ. ನಿಲುವು, ಗಾಂಭೀರ್ಯ, ಎತ್ತಿದ ಗಲ್ಲ ಎಲ್ಲ ಎಲ್ಫ್‌ಗಳದೇ. ಆದರೆ ಅವರು ಮನುಷ್ಯರು, ಅವರ ಹೆಮ್ಮೆ ಕೈಹಿಡಿದ ವಿದ್ಯೆಯಲ್ಲಿ ಪೂರ್ಣತೆ ಮುಟ್ಟುವುದರ ಮೇಲೆ. ಬಹಳ ಒಳ್ಳೆಯ ದಾರಿ ಅದು.

ನಮ್ಮ ಗುಂಪು ಹಿಡಿದ ದಾರಿ ಫಿಯನೋರ್‌ನ ಆಣೆಯಿಂದ ಹೊರಟದ್ದು. ನಮ್ಮ ಕುಲದ ಹೆಮ್ಮೆ ಇಷ್ಟೇ: ಕೊಟ್ಟ ಮಾತು ಬಿಡುವುದಿಲ್ಲ. ಬರೀ ಹೇಳಿದರೆ ಸಾಲದು, ಕಾಣಬೇಕು. ಅದಕ್ಕೆ ಒಬ್ಬೊಬ್ಬರ ಎಡಗೈಗೂ ಒಂದು ಹತ್ತಿಯ ದಾರ, ಮೊಳದುದ್ದ ಇಳಿಬಿಟ್ಟದ್ದು. ಎಲ್ಫ್ ಯಾರಿಗಾದರೂ ಮಾತು ಕೊಟ್ಟರೆ ದಾರದಲ್ಲಿ ಒಂದು ಗಂಟು ಬೀಳುತ್ತದೆ. ಗಂಟು ಹಾಕುವವರು ಮಾತು ಪಡೆದವರು, ಬಿಚ್ಚುವವರೂ ಅವರೇ. ಎಲ್ಫ್ ತನ್ನ ದಾರವನ್ನು ತಾನು ಮುಟ್ಟುವಂತಿಲ್ಲ. ಹಾಗಾಗಿ ಆ ಬಯಲಿನಲ್ಲಿ ಎಲ್ಲರಿಗಿಂತ ಹಮ್ಮಿನ ಜನ ಉಪ್ಪು ಮಾರುವವನ ಮುಂದೆಯೂ ಗಾಬ್ಲಿನ್ ಹುಡುಗಿಯ ಮುಂದೆಯೂ ಹೋಗಿ ಕೈ ಚಾಚಿ ನಿಲ್ಲಬೇಕು.

ಇದನ್ನು ಒಂದು ಹಳ್ಳಿಯ ಸಭಾಭವನದ ಹಿತ್ತಿಲಲ್ಲಿ ಆಡಿ ನೋಡಿದೆವು. ಎಲ್ಫ್ ರಾಣಿಯಾಗಿದ್ದ ಎತ್ತರದ ಗೆಳತಿ ಪಾತ್ರೆ ವ್ಯಾಪಾರಿಯೊಬ್ಬನಿಗೆ ಅವನ ಕತ್ತೆಯನ್ನು ಹುಡುಕಿಕೊಡುವ ಮಾತು ಕೊಟ್ಟಿದ್ದಳು. ಹುಡುಕಿಕೊಟ್ಟು ಕೈ ಚಾಚಿದಳು. ಬೆಳಗಿನಿಂದ ಜಡಿಮಳೆ, ನೆನೆದ ಹತ್ತಿಯ ಗಂಟು ಕಲ್ಲಾಗಿತ್ತು. ವ್ಯಾಪಾರಿ ಉಗುರಿನಿಂದ ಕೆದರಿದ, ಹಲ್ಲು ಹಚ್ಚಲೇ ಎಂದು ಕೇಳಿದ, ಅವಳು ಆಗಲಿ ಎಂದಳು. ತಲೆ ಅಲ್ಲಾಡಲಿಲ್ಲ, ಕಣ್ಣು ಅವನ ಮೇಲಿಂದ ಕದಲಲಿಲ್ಲ. ಒಬ್ಬೊಬ್ಬರಾಗಿ ಜನ ಬಂದು ಸುತ್ತ ನಿಂತರು. ಅರ್ಧ ಬಿಚ್ಚಿದ ಮೇಲೆ ಅವನು ಕೈ ನಿಲ್ಲಿಸಿ, “ಕತ್ತೆ ಬಂತು, ಅದರ ಬೆನ್ನ ಮೇಲಿದ್ದ ಪಾತ್ರೆ?” ಎಂದ. ಅವಳು ಮೂರು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, “ಗಂಟು ಇರಲಿ” ಎಂದು ಕೈ ಹಿಂದಕ್ಕೆ ತೆಗೆದುಕೊಂಡು ಹೊರಟಳು. ಅಲ್ಲಿದ್ದವರು ದಾರಿ ಬಿಟ್ಟುಕೊಟ್ಟರು. ಹಾಗೆ ಬಿಡಿ ಎಂದು ಯಾರಿಗೂ ನಾವು ಹೇಳಿರಲಿಲ್ಲ. ಮೇಣ ಹಚ್ಚಿದ ದಾರವಾದರೆ ಸಲೀಸಾಗಿ ಬಿಚ್ಚುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಮಳೆಯಲ್ಲಿ ಬಿಗಿಯುವ ಹತ್ತಿಯೇ ಇರಲಿ.

ಇನ್ನು ವಯಸ್ಸು. ನೂರಾರು ವರ್ಷ ಬದುಕುವ ಜನರನ್ನು ಇಪ್ಪತ್ತರ ಹರೆಯದವರು ಆಡುವುದು ಹೇಗೆ? ಇಸವಿಗಳ ಪಟ್ಟಿ ಕೊಟ್ಟರೆ ಯಾರೂ ಓದುವುದಿಲ್ಲ, ಓದಿದರೂ ಬಯಲಿನಲ್ಲಿ ನೆನಪಿರುವುದಿಲ್ಲ. ನಮ್ಮ ಗುಂಪಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬನಿದ್ದಾನೆ, ಇಂಗ್ಲೆಂಡಿಗೆ ಎಂಜಿನಿಯರಿಂಗ್ ಓದಲು ಬಂದವನು. “ಅಕ್ಕಾ, ಐನೂರು ವರ್ಷ ಬದುಕಿದೋನು ಹೇಗೆ ನಡೀತಾನೆ?” ಎಂದು ಕೇಳಿದ. “ನಡಿಗೆ ಆಮೇಲೆ ನೋಡೋಣ ಕಣಪ್ಪ. ಐನೂರು ವರ್ಷದಲ್ಲಿ ಅವನ ಕೈಲಿ ಮರೆಯೋಕೆ ಆಗದೇ ಇರೋದು ಏನು, ಅದನ್ನ ಮೊದಲು ಹೇಳು” ಎಂದೆ. ಎರಡು ದಿನ ಯೋಚಿಸಿ ಫೋನ್ ಮಾಡಿದ: “ಒಂದು ಸೇತುವೆ ಅಕ್ಕಾ. ಅವನೇ ಕಟ್ಟಿದ್ದು. ಬಿತ್ತು.” ಅಷ್ಟೇ. ಆಟದ ಬಯಲಿನಲ್ಲಿ ಚರಂಡಿಗಳ ಮೇಲೆ ಹಲಗೆ ಹಾಸಿರುತ್ತಾರೆ. ಈ ಹುಡುಗ ಪ್ರತಿ ಹಲಗೆಯ ಮುಂದೆಯೂ ನಿಂತು, ಪಾದದಿಂದ ಒತ್ತಿ ನೋಡಿ, ಹಿಂದಿರುವವರನ್ನೆಲ್ಲ ದಾಟಿಸಿ, ಕೊನೆಗೆ ತಾನು ದಾಟುತ್ತಾನೆ. ಯಾಕೆ ಎಂದು ಕೇಳದೆ ಇರಲು ಯಾರಿಂದಲೂ ಆಗುವುದಿಲ್ಲ. ಐನೂರು ವರ್ಷದ ಭಾರ ಆ ಪಾದದಲ್ಲಿ ಕಾಣುತ್ತದೆ.

ಕಿವಿಯ ಮಾತು ಬಾಕಿ ಇದೆ. ಅಂಗಡಿಯಲ್ಲಿ ಸಿಗುವ ಕಿವಿತುದಿಗಳಲ್ಲಿ ಹೆಚ್ಚಿನವು ತಿಳಿ ಗುಲಾಬಿ ಬಣ್ಣದವು. ನಮ್ಮ ಎಣ್ಣೆಗಪ್ಪು ಮೈಗೆ ಅಂಟಿಸಿದರೆ ಬೇರೆ ಯಾರದೋ ಕಿವಿಯಂತೆ ಕಾಣುತ್ತದೆ. ಸಾದಾ ಮೇಕಪ್ ಲೇಟೆಕ್ಸಿನ ಮೇಲೆ ನಿಲ್ಲುವುದಿಲ್ಲ. ಸಿನಿಮಾ ಮೇಕಪ್‌ನವರು ಪ್ರೋಸ್-ಏಡ್ ಎಂಬ ಅಂಟಿಗೆ ಅಕ್ರಿಲಿಕ್ ಬಣ್ಣ ಕಲಸಿ ಬಳಿಯುತ್ತಾರೆ. ಅದು ಲೇಟೆಕ್ಸಿನ ಜೊತೆ ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಕಂದು, ಸ್ವಲ್ಪ ಕೆಂಪು, ಚಿಟಿಕೆಯಷ್ಟು ಹಳದಿ ಸೇರಿಸಿ ಮೊಣಕೈಯ ಒಳಗೆ ಹಚ್ಚಿ ನೋಡಿ, ಒಣಗಿದ ಮೇಲೆ ಇನ್ನೊಂದು ಛಾಯೆ ಗಾಢವಾಗುವುದನ್ನು ಲೆಕ್ಕಕ್ಕೆ ಹಿಡಿದು ಬಳಿಯಬೇಕು. ಮೇಲೆ ಪೌಡರ್ ಹಾಕದಿದ್ದರೆ ಕೂದಲೆಲ್ಲ ಅಂಟುತ್ತದೆ. ಎಲ್ಫ್ ಎಂದರೆ ಬಿಳಿ, ಕಪ್ಪು ಎಲ್ಫ್ ಎಂದರೆ ದುಷ್ಟ ಎಂಬ ರೂಢಿ ಬಹಳ ಕಾಲ ನಡೆಯಿತು. 2022ರ ‘ರಿಂಗ್ಸ್ ಆಫ್ ಪವರ್’ ಟಿವಿ ಸರಣಿಯಲ್ಲಿ ಇಸ್ಮಾಯೆಲ್ ಕ್ರೂಸ್ ಕೊರ್ಡೊವಾ ಕಂದು ಮೈಯ ಎಲ್ಫ್ ಆಗಿ ನಿಂತಾಗ ಗದ್ದಲವೆದ್ದಿತು. ಆತನ ನಿಲುವು ನೋಡಿ, ಬೆನ್ನು ನೋಡಿ, ತಲೆ ಎಷ್ಟು ಸ್ತಬ್ಧವಾಗಿದೆ ನೋಡಿ. ನನಗಂತೂ ಆತ ಆ ಸರಣಿಯ ಅತ್ಯಂತ ಎಲ್ಫ್ ಎನಿಸುವ ಎಲ್ಫ್.

ಕೊನೆಗೆ ಉಳಿದದ್ದು ಸಾವು. ಆಟದಲ್ಲಿ ಪಾತ್ರಗಳು ಸಾಯುತ್ತವೆ. ದಾರದಲ್ಲಿ ಗಂಟುಗಳಿರುವಾಗಲೇ ಎಲ್ಫ್ ಸತ್ತರೆ? ಕುಲದ ಇನ್ನೊಬ್ಬರು ಆ ಗಂಟುಗಳನ್ನು ತಮ್ಮ ದಾರಕ್ಕೆ ಕಟ್ಟಿಸಿಕೊಳ್ಳಬೇಕೆಂದು ಮೊದಲು ಬರೆದಿದ್ದೆವು. ಆಡಿ ನೋಡಿದ ದಿನ ಹತ್ತಿರದಲ್ಲಿ ಕುಲದವರು ಯಾರೂ ಇರಲಿಲ್ಲ. ಸಾಯುತ್ತಿದ್ದ ಎಲ್ಫ್‌ನ ಕೈ ಹಿಡಿದಿದ್ದವನು ಒಬ್ಬ ಕೂಲಿ ಸಿಪಾಯಿ, ಮನುಷ್ಯ. ಅವನು ತನ್ನ ಬೂಟಿನ ಲಾಡಿ ಬಿಚ್ಚಿ ಮುಂದೆ ಹಿಡಿದ. ನಾವು ಅಲ್ಲೇ ನಿಯಮ ಬದಲಾಯಿಸಿದೆವು: ಗಂಟು ಹೊತ್ತವರು ಕುಲದವರು, ಕಿವಿ ಹೇಗೇ ಇರಲಿ. ಸಿಪಾಯಿಗೆ ಬಂದ ಗಂಟುಗಳು ಮೂರು. ಒಂದನ್ನು ಅವನು ಆ ದಿನವೇ ತೀರಿಸಿದ. ಎರಡನೆಯದು ಉಪ್ಪಿನವನದು. ಮೂರನೆಯದು ಯಾರಿಗೆ ಕೊಟ್ಟ ಮಾತೆಂದು ಗೊತ್ತಿಲ್ಲ. ಬರುವ ಬೇಸಿಗೆಯಲ್ಲಿ ಅವನು ಡೇರೆಯಿಂದ ಡೇರೆಗೆ ಹೋಗಿ ಕೇಳಬೇಕು.